ವಿಜಯಪುರದ ಬೇವಿನ ಮರದ ಖಾನಾವಳಿ: ಬಿಸಿ ರೊಟ್ಟಿ, ಎಣ್ಣೆಗಾಯಿ, ಮತ್ತು ಬಾಗಿಲು ಹಾಕಿದ ದಿನಗಳ ಲೆಕ್ಕ

ಗೋಳಗುಮ್ಮಟದ ಗೇಟಿನಿಂದ ಹತ್ತು ನಿಮಿಷ ನಡೆದರೆ ಒಂದು ಸಣ್ಣ ಓಣಿ ಬರುತ್ತದೆ. ಅಲ್ಲಿ ಬೇವಿನ ಮರ ಇರುವ ಮನೆ. ಬೋರ್ಡು ಇಲ್ಲ. ನಿಮ್ಮ ಖಾನಾವಳಿ ಬಗ್ಗೆ ಬರೆಯುತ್ತೇನೆ ಅಂದಾಗ "ಹೆಸರು ಗಿಸರು ಹಾಕಬ್ಯಾಡ್ರಿ, ಉಂಡು ಹೋದೋರು ಬಾಯಿಲೆ ಹೇಳಿದ್ರ ಸಾಕು" ಅಂದರು ಖಾನಾವಳಿ ನಡೆಸುವ ಅಕ್ಕಾವರು. ಅದಕ್ಕೇ ಹೆಸರು ಹಾಕುತ್ತಿಲ್ಲ. ಮಧ್ಯಾಹ್ನ ಹನ್ನೆರಡರ ಮೇಲೆ ಆ ಓಣಿಗೆ ಬಂದರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಅದನ್ನು ಹಿಡಿದು ಹೋದರೆ ಮನೆ ಸಿಗುತ್ತದೆ.

ನಾನು ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. 2016ರಿಂದ ಮಧ್ಯಾಹ್ನದ ಊಟ ಇಲ್ಲೇ. ಊಟದ ರುಚಿ ಇಷ್ಟು, ದರ ಇಷ್ಟು ಅಂತ ಹೇಳಿ ಮುಗಿಸಬಹುದಿತ್ತು. ಆದರೆ 2020, 2021ರ ಕೊರೊನಾ ಕಾಲದಲ್ಲಿ ಈ ಅಂಗಳದಲ್ಲಿ ಆದದ್ದನ್ನು ಬಿಟ್ಟು ಬರೆದರೆ ಅರ್ಧ ಬರೆದ ಹಾಗೆ.

ಮೊದಲು ಊಟ. 90 ರೂಪಾಯಿಗೆ ಎರಡು ಬಿಸಿ ಜೋಳದ ರೊಟ್ಟಿ, ಒಂದು ಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಆಮೇಲೆ ಅನ್ನ ಮತ್ತು ಕಟ್ಟಿನ ಸಾರು. ಮೂರನೇ ರೊಟ್ಟಿಗೆ 15 ರೂಪಾಯಿ. ಜೋಳ ಮಾಲದಂಡಿ ತಳಿಯದು. ಡೋಣಿ ನದಿ ದಂಡೆಯ ಎರೆ ಹೊಲದ್ದು, ಅಕ್ಕಾವರ ತವರಿನಿಂದ ಬರುತ್ತದೆ. "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಅಂತ ನಮ್ಮ ಕಡೆ ಮಾತಿದೆಯಲ್ಲ, ಆ ಜೋಳ. ಹಿಟ್ಟು ತಾಜಾ ಬೀಸಿಸಿದ್ದರಿಂದ ರೊಟ್ಟಿ ಹರಿಯುವುದಿಲ್ಲ, ಉಬ್ಬಿ ಬರುತ್ತದೆ, ಬಾಯಲ್ಲಿ ಸ್ವಲ್ಪ ಸಿಹಿ ಹತ್ತುತ್ತದೆ. ಬದನೆಕಾಯಿ ಸಣ್ಣದು, ಮುಳ್ಳಿನದು. ಒಳಗೆ ಶೇಂಗಾ, ಗುರೆಳ್ಳು, ಕೊಬ್ಬರಿ ತುಂಬಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಸೋಡಾ ಹಾಕುವುದಿಲ್ಲ, ಬಣ್ಣ ಹಾಕುವುದಿಲ್ಲ. ಮಂಗಳವಾರ ಪುಂಡಿಪಲ್ಯ, ಶುಕ್ರವಾರ ಜುಣಕ. ಹಬ್ಬದ ಮುಂದೆ ಮಾದಲಿ ಕೂಡ ಇರುತ್ತದೆ, ಕೇಳಿ ತಗೊಳ್ಳಬೇಕು.

ಕೊರತೆಯನ್ನೂ ಹೇಳಿಬಿಡುತ್ತೇನೆ. ಅನ್ನ ಸಾಧಾರಣ. ಕಟ್ಟಿನ ಸಾರು ಕೆಲವು ದಿನ ಉಪ್ಪು ಜಾಸ್ತಿ. ಕೈ ತೊಳೆಯಲು ನಲ್ಲಿ ಎರಡೇ, ಒಂದೂವರೆ ಹೊತ್ತಿಗೆ ಸಾಲು ನಿಲ್ಲುತ್ತದೆ. ಬೈಕ್ ನಿಲ್ಲಿಸಲು ಜಾಗವೇ ಇಲ್ಲ.

ಜಾಗ ಅಂದರೆ ಹೀಗೆ. ಒಳಗೆ ಒಂದು ಪಡಸಾಲೆ, ಮೊದಲು ಅಲ್ಲಿ ಆರು ಟೇಬಲ್ ಇದ್ದವು, ಕಿಟಕಿ ಒಂದೇ. ಹೊರಗೆ ಬೇವಿನ ಮರದ ಕೆಳಗೆ ದೊಡ್ಡ ಅಂಗಳ. ಮೊದಲು ಅಂಗಳದಲ್ಲಿ ಯಾರೂ ಕೂರುತ್ತಿರಲಿಲ್ಲ, ಅಲ್ಲಿ ಕಟ್ಟಿಗೆ ಒಟ್ಟಿರುತ್ತಿದ್ದರು, ಜೋಳ ಒಣಗಿಸುತ್ತಿದ್ದರು. ಈಗ ಅಲ್ಲೇ ಎಂಟು ಟೇಬಲ್. ಒಳಗೆ ಇರುವುದು ಎರಡು ಮಾತ್ರ, ವಯಸ್ಸಾದವರು ಬಿಸಿಲು ತಡೆಯದಿದ್ದರೆ ಕೂರಲಿ ಅಂತ. ಇದು ಹೇಗಾಯಿತು ಅನ್ನುವುದೇ ಈ ಖಾನಾವಳಿಯ ಕಥೆ.

2020ರ ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ ಆಯಿತು. ಒಂದು ದಿನ ಅಲ್ವಾ ಅಂತ ಎಲ್ಲರೂ ಸುಮ್ಮನಿದ್ದೆವು. 24ರ ರಾತ್ರಿ 8ಕ್ಕೆ ಘೋಷಣೆ, ಮಧ್ಯರಾತ್ರಿಯಿಂದ 21 ದಿನ ದೇಶವೇ ಬಂದ್. ನಡುವೆ ಸಿಕ್ಕಿದ್ದು ನಾಲ್ಕು ತಾಸು. ಅಕ್ಕಾವರು ಮರುದಿನಕ್ಕೆ ಅಂತ ಆಗಲೇ ಮಡಕಿಕಾಳು ನೆನೆಸಿದ್ದರು, ಹತ್ತು ಕಿಲೋ ಬದನೆಕಾಯಿ ತಂದಿಟ್ಟಿದ್ದರು, ಹಾಲು ಹೆಪ್ಪು ಹಾಕಿದ್ದರು. ಆ ಕಾಳು, ಬದನೆಕಾಯಿ ಎಲ್ಲ ಓಣಿಯ ಮನೆಗಳಿಗೆ ಹಂಚಿದರು. ಮೊಸರು ಹುಳಿಯಾಗಿ ಚೆಲ್ಲಿದರು. ಮೊದಲ ದಿನದ ನಷ್ಟವೇ ಅಷ್ಟು.

ಪಾರ್ಸೆಲ್ ಕೊಡಬಹುದಿತ್ತಲ್ಲ ಅಂತ ಕೆಲವರು ಹೇಳುತ್ತಾರೆ. ಪಾರ್ಸೆಲ್ ಒಯ್ಯುವವರು ಯಾರು? ಇಲ್ಲಿ ಉಣ್ಣುತ್ತಿದ್ದವರು ಲಾರಿ ಡ್ರೈವರುಗಳು, ಎಪಿಎಂಸಿ ಹಮಾಲರು, ರೂಮು ಮಾಡಿಕೊಂಡಿದ್ದ ಕಾಲೇಜು ಹುಡುಗರು, ಗುಮ್ಮಟ ನೋಡಲು ಬಂದವರು. ಹುಡುಗರು ಊರಿಗೆ ಹೋದರು. ಗುಮ್ಮಟಕ್ಕೆ ಮಾರ್ಚ್ 17ಕ್ಕೇ ಬೀಗ ಬಿದ್ದಿತ್ತು, ಕೇಂದ್ರದ ಸ್ಮಾರಕಗಳನ್ನೆಲ್ಲ ಮತ್ತೆ ತೆರೆಯಲು ಹೇಳಿದ್ದು ಜುಲೈ 6ಕ್ಕೆ. ಕಾಗದದ ಮೇಲೆ ಪಾರ್ಸೆಲ್ ಇತ್ತು, ಓಣಿಯಲ್ಲಿ ಗಿರಾಕಿ ಇರಲಿಲ್ಲ.

ನನ್ನ ಸ್ಥಿತಿ ಬೇರೆ. ಔಷಧಿ ಅಂಗಡಿ ಅಗತ್ಯ ಸೇವೆ. ನನಗೆ ಪಾಸ್ ಇತ್ತು, ಸಂಬಳ ಒಂದು ತಿಂಗಳೂ ನಿಲ್ಲಲಿಲ್ಲ. ಒಂದೇ ಓಣಿಯಲ್ಲಿ ಒಂದೇ ಆದೇಶದ ಕೆಳಗೆ ನಾನು ಉಂಡುಕೊಂಡಿದ್ದೆ, ನನಗೆ ನಾಲ್ಕು ವರ್ಷ ಉಣ್ಣಿಸಿದವರ ಒಲೆ ಆರಿತ್ತು. ಅದು ನನಗೆ ಈಗಲೂ ಚುಚ್ಚುತ್ತದೆ.

ಆಗ ಅಕ್ಕಾವರ ಜೊತೆ ಮೂವರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಒಬ್ಬರ ಗಂಡ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋದವರು, ಅಲ್ಲೇ ಸಿಕ್ಕಿಬಿದ್ದರು. ಮನೆಯಲ್ಲಿ ಎರಡು ಕೂಸು. ಸರ್ಕಾರ ಏನೂ ಕೊಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ರೇಷನ್ ಕಾರ್ಡಿಗೆ ತಲೆಗೆ 5 ಕಿಲೋ ಅಕ್ಕಿ ಪುಕ್ಕಟೆ ಬಂತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,610 ಕೋಟಿಯ ಪ್ಯಾಕೇಜ್ ಹೇಳಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ 5,000, ಕೈಮಗ್ಗದ ನೇಕಾರರಿಗೆ 2,000. ಆ ಪಟ್ಟಿಯಲ್ಲಿ ರೊಟ್ಟಿ ಬಡಿಯುವವರು ಅಂತ ಒಂದು ಸಾಲು ಇರಲಿಲ್ಲ. ಕಂತು ಕಟ್ಟುವುದನ್ನು ಆಗಸ್ಟ್ ಕೊನೆಯವರೆಗೆ ಮುಂದೂಡಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿತು, ಸರಿ, ಆದರೆ ಬಡ್ಡಿ ನಿಲ್ಲಲಿಲ್ಲ. ಅಕ್ಕಿ ಬಂತು, ಬಾಡಿಗೆ ಎಲ್ಲಿಂದ ಬರಬೇಕು? ಗ್ಯಾಸ್ ಎಲ್ಲಿಂದ ಬರಬೇಕು?

ಅಕ್ಕಾವರು ಮಾಡಿದ ಉಪಾಯ ಖಡಕ್ ರೊಟ್ಟಿ. ಬಿಸಿ ರೊಟ್ಟಿ ಒಂದು ಹೊತ್ತಿನದು, ಖಡಕ್ ರೊಟ್ಟಿ ತಿಂಗಳು ಇಟ್ಟರೂ ಕೆಡುವುದಿಲ್ಲ. ಮೂವರೂ ತಮ್ಮ ತಮ್ಮ ಮನೆಯಲ್ಲೇ ಬಡಿದು ಒಣಗಿಸುವುದು, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಲ್ಲಿ ಕಟ್ಟು ಕಟ್ಟಿ ಕಿರಾಣಿ ಅಂಗಡಿಗೆ ಕೊಡುವುದು. ನಮ್ಮ ಔಷಧಿ ಅಂಗಡಿಯ ಮೂಲೆಯಲ್ಲೂ ಒಂದು ಡಬ್ಬಿ ಇಟ್ಟಿದ್ದೆವು. ಆಗ ಒಂದಕ್ಕೆ 5 ರೂಪಾಯಿ, ಈಗ 8. ಲಾಭ ಅಷ್ಟಕ್ಕಷ್ಟೇ. ಆದರೆ ನಾಲ್ಕು ಮನೆಯ ಒಲೆ ಹೊತ್ತಿತು. ಇವತ್ತಿಗೂ ಇಲ್ಲಿ ಊಟ ಮಾಡಿ ಹೋಗುವಾಗ ಒಂದು ಕಟ್ಟು ಖಡಕ್ ರೊಟ್ಟಿ, ಕಾಲು ಕಿಲೋ ಶೇಂಗಾ ಹಿಂಡಿ ತಗೊಂಡು ಹೋಗಿ. ಪುಣೆ, ಬೆಂಗಳೂರಿನಲ್ಲಿರುವ ನಮ್ಮವರು ಚೀಲಗಟ್ಟಲೆ ಒಯ್ಯುತ್ತಾರೆ.

ಜೂನ್ 8ಕ್ಕೆ ಹೋಟೆಲುಗಳಲ್ಲಿ ಕೂತು ಉಣ್ಣಲು ಬಿಟ್ಟರು, ಅರ್ಧ ಸೀಟು ಮಾತ್ರ. ಆರು ಟೇಬಲ್ ಇದ್ದವರಿಗೆ ಮೂರು. ಅದೇ ವಾರ ಅಕ್ಕಾವರು ಅಂಗಳದ ಕಟ್ಟಿಗೆ ತೆಗೆಸಿ, ಸಗಣಿ ಸಾರಿಸಿ, ಮೂರು ಟೇಬಲ್ ಮರದ ಕೆಳಗೆ ಹಾಕಿಸಿದರು. ಅವರಿಗೆ ಯಾವ ವಿಜ್ಞಾನಿಯೂ ಹೇಳಿರಲಿಲ್ಲ. "ಗಾಳಿ ಆಡೋ ಕಡೆ ಕೂತ್ರ ಛಲೋ, ಒಂದ ಕಿಟಕಿ ಐತಿ ಒಳಗ, ಉಸುರು ಕಟ್ಟತೈತಿ" ಅಂದರು, ಅಷ್ಟೇ. ನಾನು ಆಮೇಲೆ ಓದಿದೆ: 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಟೇಬಲ್‌ಗಳಲ್ಲಿ ಕೂತಿದ್ದ ಮೂರು ಕುಟುಂಬಗಳ ಹತ್ತು ಜನರಿಗೆ ಸೋಂಕು ಬಂದಿತ್ತು. ಕಿಟಕಿ ಇಲ್ಲದ ಕೋಣೆ, ಎಸಿ ಅದೇ ಗಾಳಿಯನ್ನು ತಿರುಗಿಸುತ್ತಿತ್ತು. ರೋಗ ಹರಡುವುದು ಹೆಚ್ಚಾಗಿ ಉಸಿರಿನಿಂದ, ಮುಚ್ಚಿದ ಜಾಗದಲ್ಲಿ ಅಪಾಯ ಜಾಸ್ತಿ, ಬಯಲಲ್ಲಿ ಬಹಳ ಕಡಿಮೆ. ಈ ಮಾತು ಗೊತ್ತಾದ ಮೇಲೂ 2021ರ ಏಪ್ರಿಲ್ ಆದೇಶದಲ್ಲಿ ಎಸಿ ಹಾಲಿಗೂ ಬೇವಿನ ಮರದ ಕೆಳಗಿನ ಟೇಬಲ್‌ಗೂ ನಿಯಮ ಒಂದೇ. ನನಗೆ ಸಿಟ್ಟು ಬರುವುದು ಇಲ್ಲಿ. ನಿರ್ಬಂಧ ಹಾಕಿದ್ದಕ್ಕಲ್ಲ. ಅಪಾಯ ಎಲ್ಲಿದೆ, ಎಲ್ಲಿಲ್ಲ ಅಂತ ನೋಡದೆ ಎಲ್ಲರ ಬಾಗಿಲಿಗೂ ಒಂದೇ ಅಳತೆಯ ಬೀಗ ಹಾಕಿದ್ದಕ್ಕೆ.

ಸಿಟ್ಟಿನ ಜೊತೆ ಇನ್ನೊಂದನ್ನೂ ಹೇಳಲೇಬೇಕು. 2021ರ ಏಪ್ರಿಲ್‌ನಲ್ಲಿ ಮದುವೆಗೆ 50 ಜನ ಅಂತ ನಿಯಮ ಬಂದಿತ್ತು. ನಮ್ಮ ಸಂಬಂಧಿಕರ ಒಂದು ಮದುವೆಗೆ 300ಕ್ಕೂ ಜಾಸ್ತಿ ಜನ ಸೇರಿದರು. ಮುಚ್ಚಿದ ಕಲ್ಯಾಣ ಮಂಟಪ, ಮೂರು ತಾಸು. "ನಮ್ಮ ಮನಿ ಮದುವಿಗೆ ಯಾರ್ನ ಕರೀಬೇಕು ಅನ್ನೋದು ನಮ್ಮ ಇಷ್ಟ" ಅಂತ ಮಾತಾಡಿದರು ಹಿರಿಯರು. ನಮ್ಮ ಕಾಕಾ ಹೋಗಿದ್ದರು. ಮೇ ತಿಂಗಳಲ್ಲಿ ತೀರಿಕೊಂಡರು, 54 ವರ್ಷ. ಆ ದಿನಗಳಲ್ಲಿ ನಮ್ಮ ಕೌಂಟರ್ ಮುಂದೆ ರೆಮ್‌ಡೆಸಿವಿರ್ ಇಂಜೆಕ್ಷನ್ನಿನ ಚೀಟಿ ಹಿಡಿದು ಬಂದವರಿಗೆ ಇಲ್ಲ ಇಲ್ಲ ಅಂತ ಹೇಳಿ ಹೇಳಿ ನನ್ನ ಗಂಟಲು ಬಿದ್ದಿತ್ತು, ಕೊನೆಗೆ ನಮ್ಮ ಮನೆಯವರೂ ಅಂಥದ್ದೇ ಒಂದು ಚೀಟಿ ಹಿಡಿದು ಊರೆಲ್ಲ ಅಲೆದರು. ಹಾಗಾಗಿ ನನ್ನ ದೇಹ, ನನ್ನ ಇಷ್ಟ, ಸರ್ಕಾರ ಯಾರು ಹೇಳಲು ಅನ್ನುವವರ ಜೊತೆ ನಾನು ನಿಲ್ಲುವುದಿಲ್ಲ. ಉಸಿರು ಒಬ್ಬರದೇ ಆಸ್ತಿ ಅಲ್ಲ, ಮುಚ್ಚಿದ ಮಂಟಪದಲ್ಲಂತೂ ಅಲ್ಲವೇ ಅಲ್ಲ.

ಆ ಏಪ್ರಿಲ್‌ನಲ್ಲಿ ಅಕ್ಕಾವರು ಏನು ಮಾಡಿದರು ಗೊತ್ತಾ? ರಾಜ್ಯದ ಬಿಗಿ ಕರ್ಫ್ಯೂ 27ರ ರಾತ್ರಿಯಿಂದ ಶುರು. ಇವರು ಸರ್ಕಾರದ ಆದೇಶಕ್ಕೆ ಕಾಯದೆ ಮೊದಲೇ ತಾವಾಗಿ ಊಟದ ಪಂಕ್ತಿ ನಿಲ್ಲಿಸಿದರು. ಓಣಿಯಲ್ಲಿ ಎರಡು ಮನೆಗೆ ಜ್ವರ ಬಂದಿತ್ತು. ಗಿರಾಕಿಗಳಿಗೆ ಎರಡು ದಿನ ಮುಂಚೆ ಹೇಳಿದರು, ಕಾಳು ನೆನೆಸಲಿಲ್ಲ, ಹಾಲು ಕಡಿಮೆ ತರಿಸಿದರು, ಹೆಣ್ಣುಮಕ್ಕಳಿಗೆ ತಲಾ ಹತ್ತು ಸೇರು ಜೋಳ ಮೊದಲೇ ಕೊಟ್ಟರು. ಬಾಗಿಲು ಹಾಕುವುದು ಅಂದರೆ ಹೀಗೆ ಹಾಕಬೇಕು. ನಾಲ್ಕು ತಾಸಿನ ನೋಟಿಸಿಗೂ ಎರಡು ದಿನದ ಮಾತಿಗೂ ಎಷ್ಟು ವ್ಯತ್ಯಾಸ ಅನ್ನುವುದು ಚೆಲ್ಲಿದ ಮೊಸರು ನೋಡಿದವರಿಗೆ ಗೊತ್ತು.

ಅವರು ಇದನ್ನು ಎಲ್ಲಿ ಕಲಿತರು ಅಂತ ಕೇಳಿದೆ. ನಮ್ಮ ಕಡೆ ಹಳ್ಳಿಗಳಲ್ಲಿ ವಾರ ಹಿಡಿಯುವ ಪದ್ಧತಿ ಇದೆಯಲ್ಲ, ಮಳೆ ಬರದಿದ್ದರೆ, ಬೇನೆ ಬಂದರೆ ಐದು ವಾರ, ವಾರಕ್ಕೆ ಒಂದು ದಿನ ಯಾರೂ ಹೊಲಕ್ಕೆ ಹೋಗುವಂತಿಲ್ಲ, ಬೀಸುವಂತಿಲ್ಲ, ಕುಟ್ಟುವಂತಿಲ್ಲ. ಮುಂಚೆಯೇ ಡಂಗುರ ಸಾರುತ್ತಾರೆ. ಹಿಂದಿನ ದಿನವೇ ರೊಟ್ಟಿ ಮಾಡಿಟ್ಟುಕೊಳ್ಳುತ್ತಾರೆ. ಯಾವಾಗ ಮುಗಿಯುತ್ತದೆ ಅನ್ನುವುದು ಮೊದಲ ದಿನವೇ ಎಲ್ಲರಿಗೂ ಗೊತ್ತು. ಗೌಡರ ಎತ್ತಿಗೂ ಕೂಲಿಯವರ ಕುಡುಗೋಲಿಗೂ ಆ ದಿನ ರಜೆ. ವಾರ ಹಿಡಿದರೆ ವೈರಸ್ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಔಷಧಿ ಕೆಲಸ ಮಾಡುವವನು ನಾನು, ಲಸಿಕೆಯ ಬೆಲೆ ಗೊತ್ತು. ಆದರೆ ಊರು ತನಗೆ ತಾನೇ ನಿರ್ಬಂಧ ಹಾಕಿಕೊಂಡಾಗ ಹೇಗೆ ಹಾಕಿಕೊಳ್ಳುತ್ತದೆ ಅನ್ನುವುದು ಅಲ್ಲಿದೆ.

ಇದರ ಪಕ್ಕದಲ್ಲಿ ಕಾನೂನನ್ನು ಇಟ್ಟು ನೋಡಿ. 2020ರಲ್ಲಿ ಸರ್ಕಾರಗಳು ಕೈಗೆತ್ತಿಕೊಂಡ ಕಾನೂನುಗಳಲ್ಲಿ ಒಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬೈಗೆ ಪ್ಲೇಗ್ ಬಂದಾಗ ಬ್ರಿಟಿಷರು ಮಾಡಿದ್ದು, ಆಗ ನಮ್ಮ ಜಿಲ್ಲೆಯೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಮಾಡಿದಾಗ ಅದರಲ್ಲಿ ಇದ್ದದ್ದು ನಾಲ್ಕೇ ಕಲಮು. ಮಾತು ಕೇಳದವರಿಗೆ ಶಿಕ್ಷೆ ಅಂತ ಒಂದು ಕಲಮು. ಒಳ್ಳೆಯ ಉದ್ದೇಶದಿಂದ ಕೆಲಸ ಮಾಡಿದವರ ಮೇಲೆ ದಾವೆ ಹಾಕುವಂತಿಲ್ಲ ಅಂತ ಇನ್ನೊಂದು. ಪರಿಹಾರ ಅನ್ನುವ ಪದ ಆ ಮೂಲ ಕಾಯ್ದೆಯಲ್ಲಿ ಒಂದೇ ಸಲ ಬಂದಿತ್ತು, ಅದೂ "ಇದ್ದರೆ" ಅನ್ನುವ ಪದದ ಜೊತೆಗೆ. ನೂರಿಪ್ಪತ್ತು ವರ್ಷದ ಮೇಲೆ ನಮ್ಮ ರಾಜ್ಯ 2020ರಲ್ಲಿ ತನ್ನದೇ ಕಾನೂನು ಮಾಡಿತು. ಅಂಗಡಿ ಮುಚ್ಚಿಸುವ ಅಧಿಕಾರ ಬರೆದ ಕಡೆಯಲ್ಲೇ, ಮುಚ್ಚಿದ ದಿನಕ್ಕೆ ಇಷ್ಟು ಕೊಡುತ್ತೇವೆ ಅಂತ ಒಂದು ಸಾಲು ಬರೆಯಬೇಕಿತ್ತು. ಪ್ಯಾಕೇಜ್ ಅಂದರೆ ಕೃಪೆ. ಕಾನೂನಿನಲ್ಲಿದ್ದರೆ ಅದು ಹಕ್ಕು.

2021ರ ಕರ್ಫ್ಯೂನಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ ತೆರೆಯಬೇಕು ಅನ್ನುವ ನಿಯಮದ ಬಗ್ಗೆಯೂ ಎರಡು ಮಾತು. ಇಡೀ ಊರಿಗೆ ನಾಲ್ಕೇ ತಾಸು ಕೊಟ್ಟರೆ ಇಡೀ ಊರು ಆ ನಾಲ್ಕು ತಾಸಿನಲ್ಲೇ ಸಂತೆಗೆ ಬರುತ್ತದೆ. ಬಂತು ಕೂಡ. ಗುಂಪು ಕಡಿಮೆ ಮಾಡಲು ಹೊರಟ ನಿಯಮ ಗುಂಪು ಕಟ್ಟಿತು. 10 ಗಂಟೆಗೆ ಐದು ನಿಮಿಷ ಮೀರಿತು ಅಂತ ನಮ್ಮ ಓಣಿಯ ತಳ್ಳುಗಾಡಿಯ ತರಕಾರಿಯನ್ನು ಒಬ್ಬ ಸಿಬ್ಬಂದಿ ರಸ್ತೆಗೆ ಚೆಲ್ಲಿದ್ದನ್ನು ನಾನೇ ನೋಡಿದೆ. ಆ ಗಾಡಿಯವರು ಮಾಸ್ಕ್ ಹಾಕಿಕೊಂಡಿದ್ದರು, ಬಯಲಲ್ಲಿದ್ದರು, ಸುತ್ತ ಒಬ್ಬರೂ ಇರಲಿಲ್ಲ. ಯಾರ ಆರೋಗ್ಯ ಉಳಿಯಿತು ಅದರಿಂದ?

2022ರ ಜನವರಿಯಲ್ಲಿ ಮತ್ತೆ ವಾರಾಂತ್ಯ ಕರ್ಫ್ಯೂ. ಸಂಕ್ರಾಂತಿ ಸರಿಯಾಗಿ ಶುಕ್ರವಾರ, ಶನಿವಾರ ಬಂತು. ವಿಜಯಪುರದಲ್ಲಿ ಸಂಕ್ರಾಂತಿ ಅಂದರೆ ಸಿದ್ಧೇಶ್ವರ ಜಾತ್ರೆಯ ಕಾಲ, ಈ ಖಾನಾವಳಿಗೆ ವರ್ಷದ ದೊಡ್ಡ ಗಳಿಕೆ ಆ ನಾಲ್ಕೈದು ದಿನವೇ. ಪಾರ್ಸೆಲ್ ಮಾತ್ರ ಅಂದರು. ಅಷ್ಟೊತ್ತಿಗೆ ಲಸಿಕೆ ಬಂದಿತ್ತು, ಅಂಗಳ ಇತ್ತು, ಅಂತರ ಇಟ್ಟು ಕೂರಿಸುವ ಅಭ್ಯಾಸವೂ ಆಗಿತ್ತು. ಬಯಲಲ್ಲಿ ಕೂರಿಸಲು ಬಿಟ್ಟಿದ್ದರೆ ಆ ವರ್ಷದ ಸಾಲ ತೀರುತ್ತಿತ್ತು. ಜನವರಿ 21ಕ್ಕೆ ವಾರಾಂತ್ಯ ಕರ್ಫ್ಯೂ ತೆಗೆದರು, ಹಬ್ಬ ಮುಗಿದಿತ್ತು.

ಈಗ ಅಂಗಳಕ್ಕೆ ಬನ್ನಿ. ಇಲ್ಲಿ ಅಕ್ಕಾವರದೇ ಎರಡು ನಿಯಮ ಇವೆ, ಮೊದಲ ಸಲ ಹೋಗುವವರಿಗೆ ಗೊತ್ತಿರಲಿ. ಮರದ ಕೆಳಗೆ ಬೀಡಿ, ಸಿಗರೇಟು ಸೇದುವಂತಿಲ್ಲ, ಗುಟ್ಕಾ ಉಗುಳುವಂತಿಲ್ಲ. ಕೆಮ್ಮು ಜ್ವರ ಇದ್ದವರು ಪಂಕ್ತಿಯಲ್ಲಿ ಕೂರುವಂತಿಲ್ಲ. ಎರಡನೆಯದರ ಮೇಲೆ ಹೋದ ಮಳೆಗಾಲದಲ್ಲಿ ಜಗಳವೇ ಆಯಿತು. ಒಬ್ಬ ಗಿರಾಕಿ ಕೆಮ್ಮುತ್ತಲೇ ಬಂದು ಕೂತರು. ಅಕ್ಕಾವರು ಪಾರ್ಸೆಲ್ ಒಯ್ಯಿರಿ ಅಂದರು. "ನನ್ನ ರೊಕ್ಕ, ನನ್ನ ಊಟ, ಎಲ್ಲಿ ಕೂತ ಉಣ್ಣಬೇಕು ಅಂತ ನೀವ್ಯಾರು ಹೇಳಾಕ?" ಅಂತ ಅವರು ದನಿ ಏರಿಸಿದರು. ಅಕ್ಕಾವರು ಏರಿಸಲಿಲ್ಲ. "ಉಣಬ್ಯಾಡ ಅಂದಿಲ್ಲೋ ಯಪ್ಪಾ. ಬಾಜೂಕ ಮುದುಕ ಕೂತಾನ ನೋಡು. ಆ ಕಟ್ಟಿ ಮ್ಯಾಲೆ ಕೂಡು, ಬಿಸಿ ರೊಟ್ಟಿ ಅಲ್ಲಿಗೇ ತಂದು ನೀಡತೀನಿ" ಅಂದರು. ಅಂಗಳದ ತುದಿಯಲ್ಲಿ ಒಂದು ಕಟ್ಟೆ ಇದೆ, ಪಂಕ್ತಿಯಿಂದ ಇಪ್ಪತ್ತು ಹೆಜ್ಜೆ ದೂರ. ಆತನಿಗೆ ಅಲ್ಲೇ ಮೂರು ರೊಟ್ಟಿ ಬಡಿಸಿದರು, ಮೂರನೆಯದಕ್ಕೆ ದುಡ್ಡು ತಗೊಳ್ಳಲಿಲ್ಲ. ಕಾಡಿಗೆ ಅಟ್ಟಲಿಲ್ಲ, ಹಸಿದು ಕಳಿಸಲಿಲ್ಲ, ಪಕ್ಕದ ಮುದುಕನನ್ನೂ ಬಿಟ್ಟುಕೊಡಲಿಲ್ಲ. ಎರಡು ವರ್ಷ ಆದೇಶಗಳನ್ನು ಓದಿ ಓದಿ ನಾನು ಹುಡುಕುತ್ತಿದ್ದುದು ಆ ಕಟ್ಟೆಯಂಥ ಒಂದು ಜಾಗವನ್ನೇ.

ಇನ್ನೊಂದು ವಿಷಯ. ಗಲ್ಲೆಯ ಪಕ್ಕ ಒಂದು ಕೆಂಪು ರಟ್ಟಿನ ಉದ್ರಿ ಪುಸ್ತಕ ಇದೆ. 2020ರ ಪುಟಗಳು ಇನ್ನೂ ಪೂರ್ತಿ ಹೊಡೆದು ಹಾಕಿಲ್ಲ. ಊರಿಗೆ ಹೋದ ಹುಡುಗರು, ಲಾರಿ ಬಿಟ್ಟ ಡ್ರೈವರುಗಳು. ಅಕ್ಕಾವರು ಯಾರಿಗೂ ಫೋನ್ ಮಾಡಿ ಕೇಳಲಿಲ್ಲ. ಹೋದ ದಸರೆಗೆ ಒಬ್ಬ ಹುಡುಗ ಬಂದ, ಆಗ ಐಟಿಐ ಓದುತ್ತಿದ್ದವನು, ಈಗ ಎಲ್ಲೋ ಕಾರ್ಖಾನೆಯಲ್ಲಿದ್ದಾನೆ. 1,140 ರೂಪಾಯಿ ಬಾಕಿ ಇತ್ತು, 2,000 ಕೊಟ್ಟ. ಅಕ್ಕಾವರು ಬಾಕಿ 860 ವಾಪಸ್ ಎಣಿಸಿ ಕೊಟ್ಟು ಆ ಸಾಲಿನ ಮೇಲೆ ಗೆರೆ ಎಳೆದರು. ಆಮೇಲೆ ಒಂದು ಕಟ್ಟು ಖಡಕ್ ರೊಟ್ಟಿ ಪುಕ್ಕಟೆ ಕೈಗಿಟ್ಟರು.

ನನ್ನ ಕಡೆಯಿಂದ 5ಕ್ಕೆ ನಾಲ್ಕೂವರೆ. ಅರ್ಧ ಕಡಿಮೆ ಮಾಡಿದ್ದು ಅನ್ನಕ್ಕೆ ಮತ್ತು ಆ ಎರಡು ನಲ್ಲಿಗೆ. ಒಂದು ಗಂಟೆಯೊಳಗೆ ಹೋಗಿ, ಎಣ್ಣೆಗಾಯಿ ಎರಡಕ್ಕೆ ಮುಗಿಯುತ್ತದೆ. ಅಂಗಳದಲ್ಲೇ ಕೂತ್ಕೊಳ್ಳಿ, ಮರದ ಬಲಗಡೆಯ ಟೇಬಲ್‌ಗೆ ಮೂರರವರೆಗೂ ನೆರಳು ಇರುತ್ತದೆ. ಅಮಾವಾಸ್ಯೆಗೆ ರಜೆ. ಫೋನ್‌ಪೇ ನಡೆಯುತ್ತದೆ.